ನಮ್ಮ ಮನೆತನದ ಗಂಟೆ

ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನ ಕಾಲಿಂಗ್ ಬೆಲ್ಲು ಹೋದ ತಿಂಗಳು ಕೆಟ್ಟಿತು. ರಿಪೇರಿಯ ಭಯ್ಯಾ ಫೋನಿನಲ್ಲಿ "ಕಲ್ ಪಕ್ಕಾ", ನಾಳೆ ಖಂಡಿತ, ಎಂದ. ದೆಹಲಿಯಲ್ಲಿ ಇಷ್ಟು ವರ್ಷ ಬಾಳಿದವಳಿಗೆ ಆ 'ಕಲ್' ಯಾವ ಪಂಚಾಂಗದಲ್ಲೂ ಬರುವುದಿಲ್ಲ ಎಂದು ಗೊತ್ತು. ಹಾಗಾಗಿ ಟ್ರಂಕಿನೊಳಗಿದ್ದ ಹಳೆಯ ಹಿತ್ತಾಳೆ ಗಂಟೆಯನ್ನು ತೆಗೆದು, ಹುಣಸೆಹಣ್ಣು ಹಾಕಿ ತಿಕ್ಕಿ, ಬಾಗಿಲ ಪಕ್ಕ ತೂಗುಹಾಕಿದೆ. ಎದುರು ಫ್ಲ್ಯಾಟಿನ ಶರ್ಮಾಜಿ ಅದರ ಸದ್ದು ಕೇಳಿ, ಈ ಮದರಾಸಿಗಳ ಮನೆಯಲ್ಲಿ ಹೊತ್ತುಹೊತ್ತಿಗೆ ಆರತಿ ನಡೆಯುತ್ತದೆ ಎಂದುಕೊಂಡು, ಒಂದು ದಿನ ಚಪ್ಪಲಿ ಬಿಟ್ಟು ಕೈ ಮುಗಿದುಕೊಂಡು ಪ್ರಸಾದಕ್ಕೆ ಬಂದರು. ಒಳಗೆ ನಾನು ಗ್ಯಾಸಿನವನ ಜೊತೆ ಜಗಳವಾಡುತ್ತಿದ್ದೆ. ಶರ್ಮಾಜಿಯನ್ನು ನೋಡಿ ನನಗೆ ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಈ ಗಂಟೆಯನ್ನು ತಪ್ಪು ತಿಳಿದವರಲ್ಲಿ ಅವರೇನು ಮೊದಲಿಗರಲ್ಲ. ಮೊದಲಿಗರು ನಮ್ಮ ಅಪ್ಪಯ್ಯ.

ಎಪ್ಪತ್ತರ ದಶಕದ ಮಾತು. ಅಪ್ಪಯ್ಯ ಕೇಂದ್ರ ಸರಕಾರದ ಒಂದು ಮಂತ್ರಾಲಯದಲ್ಲಿ ಗುಮಾಸ್ತರು. ರಾಮಕೃಷ್ಣಪುರಂನಲ್ಲಿ ಎರಡು ಕೋಣೆಯ ಕ್ವಾರ್ಟರ್ಸು. ಗೋಡೆಗೆ ಸರಕಾರಿ ಸುಣ್ಣ, ಫ್ಯಾನಿಗೆ ಸರಕಾರಿ ನಂಬರು, ಹಿಂದುಗಡೆ ಒಂದು ಮಂಚ ಹಾಕಿದರೆ ತುಂಬಿಹೋಗುವ ಅಂಗಳ. ನಲ್ಲಿ ಸೋರಿದರೆ ದೂರು ಕೊಡಲು 'ಎನ್‌ಕ್ವೈರಿ' ಎಂಬ ಕಚೇರಿ ಇತ್ತು. ಹೋಗಿ ವಿಚಾರಿಸಿದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ಅಮ್ಮ, ನಾನು ಈ ಮನೆಯಲ್ಲಿ ವಾಸವಾಗಿದ್ದೆವು. ಅಪ್ಪಯ್ಯ ಮಾತ್ರ ಕುಂದಾಪುರದ ಕಡೆಯ ಒಂದು ಸಣ್ಣ ಊರಿನ ಹಿರಿಯರ ಮನೆಯಲ್ಲಿ ವಾಸವಾಗಿದ್ದರು, ಊಟ ನಿದ್ರೆಗೆ ಮಾತ್ರ ದೆಹಲಿಗೆ ಬರುತ್ತಿದ್ದರು. ಯಾರಾದರೂ "ಆಪ್ ಕಾ ಘರ್ ಕಹಾಂ ಹೈ?" ಎಂದರೆ ಸಾಕು, ಸೆಕ್ಟರು ನಂಬರು ಹೇಳುವ ಬದಲು ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಕೇಳಿದವನು ಕರೆಂಟಿನ ಬಿಲ್ಲು ಕೊಡಲು ಬಂದವನಾದರೂ ಸರಿ, ಅವನಿಗೂ ಒಂದು ಕುರ್ಚಿ.

ಆ ಮನೆಯ ಇತಿಹಾಸ ಅಪ್ಪಯ್ಯನ ಬಾಯಲ್ಲಿ ಹೀಗಿತ್ತು. ನಮ್ಮ ಹಿರಿಯರು ನಿತ್ಯ ಅನ್ನದಾನ ಮಾಡಿದವರು. ನ್ಯಾಯ ಕೇಳಿಕೊಂಡು ಹತ್ತೂರುಗಳಿಂದ ಬಂದ ಜನ ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ಹೊತ್ತಿಗೆ ಸರಿಯಾಗಿ ಈ ಹಿತ್ತಾಳೆ ಗಂಟೆ ಬಾರಿಸುತ್ತಿದ್ದರು. ಅದರ ಸದ್ದು ಎಷ್ಟು ದೂರ ಕೇಳುತ್ತದೋ ಅಷ್ಟು ದೂರದ ಹಸಿದವರೆಲ್ಲ ಬಂದು ಉಣ್ಣಬಹುದು. ಪಂಕ್ತಿಯ ಮೇಲೆ ಪಂಕ್ತಿ. ಉಂಡವರು ಹೊರಡುವಾಗ ಬಾಗಿಲಲ್ಲಿ ನಿಂತಿರುತ್ತಿದ್ದ ನನ್ನ ಅಜ್ಜಿಯ ಮುಂದೆ ಒಬ್ಬೊಬ್ಬರೇ ತಲೆ ಬಗ್ಗಿಸಿ ಹೋಗುತ್ತಿದ್ದರು. "ಇದು ನಾನು ಕೇಳಿದ್ದಲ್ಲ, ಕಣ್ಣಾರೆ ಕಂಡದ್ದು" ಎಂದು ಅಪ್ಪಯ್ಯ ಹೇಳುತ್ತಿದ್ದರು. ಕಂಡಾಗ ಅವರಿನ್ನೂ ಚಡ್ಡಿ ಹಾಕುವ ವಯಸ್ಸಿನವರು. ಮುಂದೆ ನಮ್ಮ ಅಜ್ಜಯ್ಯ ಶಾಲೆಯ ಮೇಷ್ಟ್ರಾದರು, ಕಾಲ ಕೆಟ್ಟಿತು, ಅನ್ನದಾನ ನಿಂತಿತು. ಅಜ್ಜಯ್ಯ ತೀರಿಕೊಂಡಾಗ ಅಪ್ಪಯ್ಯ ಆಸ್ತಿಯಲ್ಲಿ ಬೇರೇನೂ ಕೇಳದೆ ಈ ಗಂಟೆಯೊಂದನ್ನು ಎತ್ತಿಕೊಂಡು ದೆಹಲಿಗೆ ಬಂದರು. ಕೇಳಲು ಬೇರೇನೂ ಇರಲಿಲ್ಲ ಎಂಬುದು ಅಮ್ಮನ ಅಭಿಪ್ರಾಯ.

ಮನೆಯ ಇತಿಹಾಸ ನಿಂತಲ್ಲಿ ನಿಲ್ಲುವಂಥದ್ದಲ್ಲ. ಅಪ್ಪಯ್ಯನಿಗೆ ಪ್ರಮೋಷನ್ ತಪ್ಪಿದಾಗಲೆಲ್ಲ ಆ ಮನೆಗೆ ಒಂದು ಅಂಕಣ ಹೆಚ್ಚಾಗುತ್ತಿತ್ತು. ಅವರಿಗಿಂತ ತಡವಾಗಿ ಕೆಲಸಕ್ಕೆ ಸೇರಿದ ಅಗರವಾಲ ಅವರನ್ನು ದಾಟಿ ಮೇಲೆ ಹೋದ ವರ್ಷ ಮನೆಗೆ ಉಪ್ಪರಿಗೆ ಬಂತು. ಸೆಕ್ಷನ್ ಆಫೀಸರು ಎಲ್ಲರ ಮುಂದೆ ಬೈದ ವಾರ ಅಂಗಳಕ್ಕೆ ಆನೆ ಬಂತು. ಅಮ್ಮ ಪಾತ್ರೆ ತಿಕ್ಕುತ್ತ "ಈ ವರ್ಷವಾದರೂ ಪ್ರಮೋಷನ್ ಕೊಡಲಪ್ಪ, ಇಲ್ಲದಿದ್ದರೆ ಒಂಟೆಗೂ ಜಾಗ ಮಾಡಬೇಕಾಗುತ್ತೆ" ಎನ್ನುತ್ತಿದ್ದಳು.

ಅತಿಥಿಗಳು ಬಂದಾಗ ಈ ಇತಿಹಾಸವನ್ನು ಒಪ್ಪಿಸುವ ಕೆಲಸ ನನ್ನದು. ನನ್ನ ಕನ್ನಡವೋ, ದೆಹಲಿಯ ಶಾಲೆಯಲ್ಲಿ ಬೆಳೆದದ್ದು. "ನಮ್ಮ ಮನೆಯಲ್ಲಿ ಆನೆ ಇತ್ತು, ಔರ್ ರೋಜ್ ಎಲ್ಲರಿಗೂ ಖಾನಾ ಹಾಕ್ತಿದ್ದರು" ಎಂದು ಶುರು ಮಾಡಿದರೆ ಅಪ್ಪಯ್ಯನ ಮುಖ ಸೊಟ್ಟಗಾಗುತ್ತಿತ್ತು. ಶಾಲೆಯಲ್ಲೂ ಆನೆಯ ವಿಷಯ ಹೇಳಿ ನೋಡಿದೆ. ನನ್ನ ಪಂಜಾಬಿ ಗೆಳತಿ ಪಮ್ಮಿ ಕಣ್ಣು ಕೂಡ ಮಿಟುಕಿಸದೆ, ಲಾಹೋರಿನ ತಮ್ಮ ಹವೇಲಿಯಲ್ಲಿ ಆನೆಗಳನ್ನು ಎಣಿಸುವುದಕ್ಕೇ ಒಬ್ಬ ಮುನ್ಶಿ ಇದ್ದ ಎಂದಳು. ಆಗಿನ ದೆಹಲಿಯಲ್ಲಿ ಎರಡು ಕೋಣೆಯಲ್ಲಿ ಇರುವ ಪ್ರತಿಯೊಬ್ಬರಿಗೂ ಎಲ್ಲೋ ಒಂದು ದೊಡ್ಡ ಮನೆ ಇರುತ್ತಿತ್ತು. ಪಮ್ಮಿಯ ಮನೆಯವರು ಅದನ್ನು ನಿಜವಾಗಿ ಕಳೆದುಕೊಂಡು ಬಂದವರು. ನಮ್ಮವರು ರಜೆ ಹಾಕಿ ಹೋಗಿ ನೋಡಿಬರಬಹುದಾಗಿತ್ತು. ಅದಕ್ಕೇ ಹೋಗುತ್ತಿರಲಿಲ್ಲವೋ ಏನೋ.

ಇನ್ನು ಗಂಟೆಯ ವಿಷಯ. ಅದು ಕ್ವಾರ್ಟರ್ಸಿನ ಮುಂಬಾಗಿಲಿನ ಮೇಲೆ ತೂಗುತ್ತಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಅಪ್ಪಯ್ಯ ಸ್ನಾನ ಮಾಡಿ ಶುಭ್ರ ಪಂಚೆ ಉಟ್ಟು ಅದನ್ನು ಬಾರಿಸುತ್ತಿದ್ದರು. ಸದ್ದು ಕೇಳಿ ಹಸಿದವರು ಬರುತ್ತಿದ್ದರು. ಸದ್ದು ಕೇಳುವ ಅಗತ್ಯವೇನೂ ಇರಲಿಲ್ಲ, ಅವರು ಆಗಲೇ ಗೇಟಿನ ಬಳಿ ಬಂದು ನಿಂತಿರುತ್ತಿದ್ದರು. ಹೊಸದಾಗಿ ದೆಹಲಿಗೆ ನೌಕರಿಗೆ ಬಂದ ನಮ್ಮ ಕಡೆಯ ಬ್ರಹ್ಮಚಾರಿಗಳು. ವಾರವೆಲ್ಲ ಢಾಬಾದ ರೋಟಿ ಕಡಿದು ದವಡೆ ನೋಯಿಸಿಕೊಂಡವರಿಗೆ ಅಮ್ಮನ ಅನ್ನ ಸಾರು ಕಂಡರೆ ಕಣ್ಣಲ್ಲಿ ನೀರು. ಅವರಲ್ಲಿ ಮುಖ್ಯರು ಧಾರವಾಡದ ಕುಲಕರ್ಣಿ. ಎತ್ತರದ, ಮೆಲುಮಾತಿನ, ಭಾರೀ ಊಟದ ಮನುಷ್ಯ. ಸಾರಿನ ಮೊದಲ ಗುಟುಕಿಗೇ ಕಣ್ಣು ಮುಚ್ಚಿ "ಅಮೃತ್ರೀ ವೈನಿ, ಅಮೃತ!" ಎನ್ನುತ್ತಿದ್ದರು. ಅವರ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ. ಉಳಿದವರೆಲ್ಲ 'ಅಮೃತ, ಅಮೃತ' ಎಂದು ದನಿಗೂಡಿಸುತ್ತಿದ್ದರು. ಉಂಡ ಪತ್ತಲ್ ಎಲೆಗಳನ್ನು ಎತ್ತಿ ಹಾಕಿ ನೆಲ ಒರೆಸುವ ಹೊತ್ತಿಗೆ ಅಮ್ಮನಿಗೆ ಮಾತ್ರ ಅಮೃತದ ಬಗ್ಗೆ ಏನೂ ಅನ್ನಿಸುತ್ತಿರಲಿಲ್ಲ.

ಅಮ್ಮ ಮೈಸೂರಿನವಳು. ಮದುವೆಯಾಗಿ ಆ ಮನೆಯಲ್ಲಿ ಕೆಲವೇ ದಿನ ಇದ್ದು ನೇರ ದೆಹಲಿಗೆ ಬಂದವಳು. ಆ ಮನೆಯಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಅಂಕಣವಲ್ಲ, ಉಪ್ಪರಿಗೆಯಲ್ಲ, ಅಡುಗೆಮನೆ. ಇಷ್ಟು ಸಣ್ಣ ಮನೆಗೆ ಇಷ್ಟು ದೊಡ್ಡ ಒಲೆ ಯಾಕೆ ಎಂದು ಹೊಸ ಸೊಸೆ ಕೇಳಿದಾಗ ಅಜ್ಜಯ್ಯ ಗಂಭೀರವಾಗಿ "ಅನ್ನದಾನ" ಎಂದಿದ್ದರಂತೆ. ಅಲ್ಲಿಗೆ ಮಾತು ಮುಗಿಯಿತು.

ಅಮ್ಮನಿಗೆ ಒಂದು ಆಸೆ ಇತ್ತು. ಮನೆಯಲ್ಲೇ ಒಂದು ಮೆಸ್ಸು ನಡೆಸಬೇಕು. ಅದು ಅವಳದ್ದೇ ಯೋಚನೆಯೂ ಅಲ್ಲ. ಕುಲಕರ್ಣಿಯವರೇ ಒಂದು ಸಲ ಸಂಕೋಚದಿಂದ, "ರಾಯರ, ನಾವೆಲ್ಲಾ ತಿಂಗಳಾ ತಿಂಗಳಾ ಏನರ ಕೊಡತೇವ್ರಿ, ದಿನಾ ರಾತ್ರಿ ಊಟಾ ಇಲ್ಲೇ ಆದರ..." ಎಂದು ಬಾಯಿ ತೆರೆದಿದ್ದರು. ಅಪ್ಪಯ್ಯ ಅಂದು ಉಂಡದ್ದು ಮೈಗೆ ಹತ್ತದಷ್ಟು ಸಿಟ್ಟಾದರು. "ನಮ್ಮ ಮನೆತನದಲ್ಲಿ ಅನ್ನ ಮಾರಿದವರು ಒಬ್ಬರೂ ಇಲ್ಲ ಕುಲಕರ್ಣಿ!" ಕುಲಕರ್ಣಿ ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ಅನ್ನ ಮಾರುವವರನ್ನು ಕಂಡರೆ ಅಪ್ಪಯ್ಯನಿಗೆ ಆಗುತ್ತಿರಲಿಲ್ಲ. ಕರೋಲ್ ಬಾಗಿನಲ್ಲಿ ನಮ್ಮ ಕರಾವಳಿಯವರದ್ದೇ ಒಂದು ಹೋಟೆಲು ಇತ್ತು. ಅಲ್ಲಿಗೆ ಊರಿನ ಕನ್ನಡ ಪೇಪರು ಕೆಲವು ದಿನ ತಡವಾಗಿ ಬರುತ್ತಿತ್ತು. ಅಪ್ಪಯ್ಯ ತಿಂಗಳಿಗೊಮ್ಮೆ ನನ್ನ ಕೈ ಹಿಡಿದು ಅಲ್ಲಿಗೆ ಹೋಗಿ, ಹೋಟೆಲಿನವರ ಫ್ಯಾನಿನ ಕೆಳಗೆ ಕೂತು, ಹೋಟೆಲಿನವರ ನೀರು ಕುಡಿದು, ಹೋಟೆಲಿನವರ ಪೇಪರು ಪೂರ್ತಿ ಓದಿ, ದೋಸೆಯ ವಾಸನೆಗೆ ಮೂಗರಳಿಸಿದ ನನ್ನನ್ನು ಎಬ್ಬಿಸಿಕೊಂಡು ಬರುತ್ತಿದ್ದರು. ಬಸ್ ಸ್ಟಾಪಿನಲ್ಲಿ ನಿಂತು "ಎಷ್ಟೇ ದುಡ್ಡು ಮಾಡಲಿ ಮಗಾ, ಹೋಟೆಲಿನವರು ಹೋಟೆಲಿನವರೇ" ಎನ್ನುತ್ತಿದ್ದರು. ಅಷ್ಟರಲ್ಲಿ ಆ ಹೋಟೆಲಿನವರ ಕಾರು ನಮ್ಮ ಮುಂದೆಯೇ ಹಾದುಹೋಗುತ್ತಿತ್ತು, ನಮ್ಮ ಬಸ್ಸು ಬರುತ್ತಿರಲಿಲ್ಲ.

ಅಮ್ಮ ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟಳು. "ನೋಡಿ, ನಾನು ಹೇಗೂ ಬೇಯಿಸ್ತೀನಿ. ದುಡ್ಡು ತಗೊಂಡು ಬೇಯಿಸಿದರೆ ತಪ್ಪೇನು?"

"ನಿನಗೆ ಈ ಮನೆಯಲ್ಲಿ ಏನು ಕಮ್ಮಿಯಾಗಿದೆ?"

"ಕಮ್ಮಿ ಅಂತಲ್ಲ. ಪುಕ್ಕಟೆ ಉಂಡವರು ಏನು ಹಾಕಿದರೂ ಅಮೃತ ಅಂತಾರೆ. ಮೊನ್ನೆ ಹುಳಿ ತಳ ಹತ್ತಿತ್ತು. ಅದಕ್ಕೂ ಅಮೃತ ಅಂದರು. ನನ್ನ ಅಡುಗೆ ನಿಜವಾಗಿ ಹೇಗಿದೆ ಅಂತ ನನಗೆ ಈವರೆಗೂ ಯಾರೂ ಹೇಳಿಲ್ಲ. ಯಾರಾದರೂ ಒಂದು ಸಲ ದುಡ್ಡು ಕೊಟ್ಟು ನನ್ನ ಸಾರು ಉಣ್ಣಲಿ, ಸಾಕು."

ಅಪ್ಪಯ್ಯನಿಗೆ ಇದು ಅರ್ಥವಾಗಲಿಲ್ಲ. ಅವರು ಮೊದಲು ಸರಕಾರಿ ನಿಯಮ ಹೇಳಿದರು: ಕ್ವಾರ್ಟರ್ಸಿನಲ್ಲಿ ವ್ಯಾಪಾರ ನಿಷಿದ್ಧ. ಆಮೇಲೆ ಮನೆಯ ಇತಿಹಾಸ ಹೇಳಿದರು. ಅಮ್ಮ ಎದ್ದು ಒಳಗೆ ಹೋದಳು. ಆ ರಾತ್ರಿ ನಾವೆಲ್ಲ ಉಂಡ ಮೇಲೆ ಅವಳು ಉಣ್ಣಲಿಲ್ಲ. ನನಗೆ ಅಪ್ಪಯ್ಯನ ಮೇಲೆ ಸಿಟ್ಟು ಬಂದದ್ದು ಅದೇ ಮೊದಲು.

ಆ ಚಳಿಗಾಲದಲ್ಲಿ ಊರಿನಿಂದ ಅಜ್ಜಿ ಬಂದಳು. ಅಪ್ಪಯ್ಯನ ಅಮ್ಮ. ಅಲ್ಲಿಯವರೆಗೂ ಚಿಕ್ಕಪ್ಪನ ಜೊತೆ ಆ ಹಿರಿಯರ ಮನೆಯಲ್ಲೇ ಇದ್ದವಳು, ಒಮ್ಮೆ ಮಗನ ಸಂಸಾರ ನೋಡಬೇಕೆಂದು ಪರಿಚಯದವರ ಜೊತೆ ರೈಲು ಬದಲಿಸಿ ಬದಲಿಸಿ ಬಂದಿಳಿದಳು. ಅಪ್ಪಯ್ಯನ ಸಂಭ್ರಮ ಹೇಳತೀರದು. ಇತಿಹಾಸಕ್ಕೆ ಈಗ ಸಾಕ್ಷಿಯೇ ಬಂದಂತಾಯಿತು. ಆಫೀಸಿನಲ್ಲಿ, ಬಸ್ಸಿನಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ ಕಂಡ ಕಂಡವರಿಗೆ "ಸಂಡೇ ಬನ್ನಿ, ಅಮ್ಮ ಬಂದಿದ್ದಾರೆ" ಎಂದು ಹೇಳಿ ಬಂದರು. ಅಜ್ಜಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಮನೆತನದ ಇತಿಹಾಸವನ್ನು ಹೇಳಿಕೊಂಡು ಬಂದವರು ಗಂಡಸರು, ಜಗಲಿಯಲ್ಲಿ ಕೂತು. ಹೆಂಗಸರು ಒಳಗೆ ಇರುತ್ತಿದ್ದರು. ಅಲ್ಲಿಗೆ ಬಂದು ಯಾರೂ ಅವರನ್ನು ಕೇಳಿದ್ದಿಲ್ಲ.

ಭಾನುವಾರ ಬಂತು. ಅಜ್ಜಿ ಹಿಂದಿನ ಅಂಗಳದ ಮಂಚದ ಮೇಲೆ ಶಾಲು ಹೊದ್ದು ಬಿಸಿಲು ಕಾಯಿಸುತ್ತ ತೂಕಡಿಸುತ್ತಿದ್ದಳು. ಮುಂಬಾಗಿಲಿನ ಹೊರಗೆ ಕುಲಕರ್ಣಿ ಮೊದಲಾದ ಬ್ರಹ್ಮಚಾರಿಗಳು, ಆಫೀಸಿನ ಒಬ್ಬಿಬ್ಬರು ಹಿರಿಯರು. ಅಪ್ಪಯ್ಯ ಪಂಚೆ ಸರಿಪಡಿಸಿಕೊಂಡು ಎಂದಿಗಿಂತ ಜೋರಾಗಿ ಗಂಟೆ ಬಾರಿಸಿದರು.

ಅಜ್ಜಿ ತಟ್ಟನೆ ಎದ್ದಳು. ಶಾಲನ್ನು ಮಂಚದ ಮೇಲೆ ಎಸೆದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಆ ವಯಸ್ಸಿನಲ್ಲಿ ನಾನು ಊಹಿಸದಷ್ಟು ಬಿರುಸಾಗಿ ಎರಡೂ ಕೋಣೆ ದಾಟಿ ಹೋಗಿ ಮುಂಬಾಗಿಲಿನಲ್ಲಿ ನಿಂತಳು. ನಿಂತು, ಬಲಗೈ ಚಾಚಿದಳು.

ಕುಲಕರ್ಣಿ ಪುಳಕಿತರಾಗಿ ಹೊಸ್ತಿಲಾಚೆಯೇ ಸಾಷ್ಟಾಂಗ ಬಿದ್ದರು.

"ಏಳಪ್ಪಾ, ಏಳು. ನಮಸ್ಕಾರ ಎಂತಕ್ಕೆ?" ಅಂದಳು ಅಜ್ಜಿ. "ಉಂಡ ದುಡ್ಡು ಎಲ್ಲುಂಟು?"

"ಇನ್ನೂ ಉಂಡಿಲ್ರೀ ಅಜ್ಜಿ" ಎಂದರು ಕುಲಕರ್ಣಿ ನೆಲದಿಂದಲೇ.

"ಉಂಡಿಲ್ವಾ? ಹಾಗಾದ್ರೆ ಗಂಟೆ ಬಾರಿಸಿದ್ದು ಯಾರು?"

ಅಪ್ಪಯ್ಯನ ಕೈ ಇನ್ನೂ ಗಂಟೆಯ ಹಗ್ಗದಲ್ಲೇ ಇತ್ತು. "ಅಮ್ಮಾ, ಊಟಕ್ಕೆ ಕರೆಯೋಕೆ ಬಾರಿಸಿದ್ದು" ಎಂದರು.

"ಊಟಕ್ಕೆ ಕರೀಲಿಕ್ಕೆ ಗಂಟೆಯಾ?" ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಹಸಿದವನನ್ನು ಯಾರಾದ್ರೂ ಕರೀಬೇಕಾ ಮಾರಾಯ? ಇದು ಎಬ್ಬಿಸುವ ಗಂಟೆ. ಉಂಡು ಆದ ಮೇಲೂ ಎಲೆ ಮುಂದೆ ಪಟ್ಟಾಂಗ ಹೊಡೆಯುತ್ತಾ ಕೂರ್ತಿದ್ರಲ್ಲ, ಅವರಿಗೆ. ಹೊರಗೆ ಎರಡನೇ ಪಂಕ್ತಿ ಕಾಯ್ತಿರುತ್ತೆ, ಎದುರಿನ ಕೋರ್ಟಿನಲ್ಲಿ ಕೇಸು ಕೂಗ್ತಾರೆ, ಇವರು ಏಳೂದೇ ಇಲ್ಲ. ನಮ್ಮ ಅತ್ತೆ ಇದನ್ನು ತರಿಸಿದ್ದೇ ಅದಕ್ಕೆ. ಇದು ಬಾರಿಸಿದ ಕೂಡಲೇ ನಾನು ಬಾಗಿಲಲ್ಲಿ ನಿಲ್ಲಬೇಕು. ಇಲ್ಲದಿದ್ರೆ ಕೈ ತೊಳೀಲಿಕ್ಕೆ ಹೋದವರು ಹಾಗೇ ಹೋಗಿಬಿಡ್ತಿದ್ರು!"

ನ್ಯಾಯ ಕೇಳಿಕೊಂಡು ಹತ್ತೂರುಗಳಿಂದ ಜನ ಬರುತ್ತಿದ್ದದ್ದು ನಿಜವೇ. ನ್ಯಾಯ ರಸ್ತೆಯ ಆಚೆ ಮುನ್ಸೀಫ್ ಕೋರ್ಟಿನಲ್ಲಿ ಸಿಗುತ್ತಿತ್ತು, ಅಥವಾ ಸಿಗುತ್ತಿರಲಿಲ್ಲ. ಈಚೆ ನಮ್ಮಲ್ಲಿ ಊಟ ಸಿಗುತ್ತಿತ್ತು.

ಇತಿಹಾಸದ ಉಳಿದ ಭಾಗವನ್ನಾದರೂ ಉಳಿಸೋಣವೆಂದು ನಾನು "ಅಜ್ಜಿ, ಆನೆ ಇತ್ತಲ್ವಾ?" ಎಂದೆ. "ಒಂದು ಸಲ ಯಾರದ್ದೋ ಆನೆ ಬಂದು ನಮ್ಮ ಬಾಳೆಗಿಡ ತಿಂದು ಹೋಗಿತ್ತು ಮಗಾ. ಒಂದು ವಾರ ಊಟ ಬಡಿಸ್ಲಿಕ್ಕೆ ಎಲೆ ಇಲ್ಲ, ಗೊತ್ತುಂಟಾ?" ಎಂದು ಅಜ್ಜಿ ಆ ಆನೆಗೆ ಅಂದಿನ ಬೈಗುಳವನ್ನು ಮತ್ತೊಮ್ಮೆ ಬೈದಳು. ಅವಳ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ನಾನು ಕಂಡಂತೆ ಆ ಮನೆಯ ಬಗ್ಗೆ ನಿಜವಾದ ಹೆಮ್ಮೆ ಇದ್ದದ್ದು ಅವಳೊಬ್ಬಳಿಗೇ.

ಅಪ್ಪಯ್ಯ "ಪ್ರಯಾಣದ ಸುಸ್ತು" ಎಂದು ಹಿರಿಯರಿಗೆ ವಿವರಿಸಿದರು. ಅಂದು ಎಲ್ಲರೂ ತಲೆ ತಗ್ಗಿಸಿ ಉಂಡರು. ಸಾರು ಬಡಿಸುವಾಗ ಕುಲಕರ್ಣಿ ಬಾಯಿ ತೆರೆದರು, ಅಪ್ಪಯ್ಯನ ಕಡೆ ನೋಡಿದರು, ಮುಚ್ಚಿದರು. ಅಮೃತವಿಲ್ಲದೆ ಮುಗಿದ ಮೊದಲ ಭಾನುವಾರ ಅದು.

ಆ ವಾರ ನಮ್ಮ ಮನೆಯಲ್ಲಿ ಇತಿಹಾಸವೇ ಇರಲಿಲ್ಲ. ಅಪ್ಪಯ್ಯ ಆಫೀಸಿನಿಂದ ಬಂದು ಪೇಪರಿನ ಹಿಂದೆ ಕೂತರೆ ಊಟದವರೆಗೂ ಮುಖ ಕಾಣುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಸೊಸೆಯ ಮಾತು ಮಾತ್ರ ನಿಲ್ಲುತ್ತಿರಲಿಲ್ಲ: ಎಷ್ಟು ಜನಕ್ಕೆ ಎಷ್ಟು ಬೇಳೆ, ತಡವಾಗಿ ಬಂದವನಿಗೆ ಅನ್ನ ಹೇಗೆ ಬಿಸಿಯಾಗಿ ಇಡುವುದು. ಒಂದು ಸಂಜೆ ಪೇಪರಿನ ಹಿಂದಿನಿಂದ ಅಪ್ಪಯ್ಯನ ದನಿ ಕೇಳಿತು, ಸಣ್ಣ ಹುಡುಗನ ದನಿಯ ಹಾಗೆ.

"ಅಮ್ಮಾ, ಜನ ನಿನ್ನ ಮುಂದೆ ತಲೆ ಬಗ್ಗಿಸಿ ಹೋಗ್ತಿದ್ದರು. ನನಗೆ ಚೆನ್ನಾಗಿ ನೆನಪುಂಟು."

"ಸೊಂಟದಲ್ಲಿ ಸಿಕ್ಕಿಸಿದ ದುಡ್ಡಿನ ಗಂಟು ಬಿಚ್ಚುವಾಗ ಯಾರಾದ್ರೂ ಆಕಾಶ ನೋಡ್ತಾರಾ ಮಗಾ?" ಎಂದಳು ಅಜ್ಜಿ. ಮುಂದುವರಿದು, "ಆದ್ರೆ ಇಲ್ಲದವನ ಹತ್ರ ನಾನು ಕೈ ಚಾಚಿದ್ದಿಲ್ಲ. ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಅವರು ಬರುವಾಗ ಬೇಕಂತಲೇ ಒಳಗೆ ಹೋಗ್ತಿದ್ದೆ. ನಿನ್ನಪ್ಪ ಮೇಷ್ಟ್ರಾದ ಮೇಲೆ ಮರ್ಯಾದೆ ಹೋಗ್ತದೆ ಅಂತ ಒಲೆ ಆರಿಸಿದ್ರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಗಂಡ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಆವತ್ತು ಅತ್ತಿದ್ದೇನೆ" ಎಂದಳು.

ಪೇಪರು ಕೆಳಗಿಳಿಯಲಿಲ್ಲ. ಪುಟವೂ ಮಗುಚಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

ಮುಂದಿನ ಭಾನುವಾರ ಬ್ರಹ್ಮಚಾರಿಗಳು ಬರುವರೋ ಇಲ್ಲವೋ ಎಂದಿದ್ದೆವು. ಬಂದರು. ಹಸಿವಿಗೆ ಸಂಕೋಚ ಎಷ್ಟು ದಿನ? ಅಪ್ಪಯ್ಯ ಪಂಚೆ ಉಟ್ಟು ಬಂದರು, ಆದರೆ ಗಂಟೆಯ ಹತ್ತಿರ ಹೋಗಲಿಲ್ಲ. "ಬನ್ನಿ, ಕೂತ್ಕೊಳ್ಳಿ" ಎಂದಷ್ಟೇ ಹೇಳಿ ತಾವೂ ಒಂದು ಮೂಲೆಯಲ್ಲಿ ಕೂತರು. ಎಲ್ಲರೂ ಉಂಡರು. ಮಜ್ಜಿಗೆಯೂ ಮುಗಿಯಿತು. ಮುಗಿದ ಮೇಲೆ ಎಲೆಯ ಮುಂದೆ ಕೂತು ಆಫೀಸಿನ ಪಟ್ಟಾಂಗ ಶುರುವಾಯಿತು.

ಆಗ ಅಪ್ಪಯ್ಯ ಎದ್ದರು. ಕೈ ತೊಳೆದುಕೊಂಡರು. ಯಾರ ಮುಖವನ್ನೂ ನೋಡದೆ ಬಾಗಿಲಿಗೆ ಹೋಗಿ ಗಂಟೆ ಬಾರಿಸಿದರು.

ಎಲ್ಲರೂ ಎಲೆ ಬಿಟ್ಟು ಎದ್ದರು. ಅಪ್ಪಯ್ಯ ಗಂಟಲು ಸರಿಮಾಡಿಕೊಂಡು, "ಇದು ವ್ಯಾಪಾರ ಅಲ್ಲ. ರೀಇಂಬರ್ಸ್‌ಮೆಂಟು. ಸರಕಾರದಲ್ಲೂ ಉಂಟು" ಎಂದು ಇಡೀ ಭಾರತ ಸರಕಾರವನ್ನು ತಮ್ಮ ಬೆನ್ನಿಗೆ ನಿಲ್ಲಿಸಿಕೊಂಡು, ಪೇಪರು ಹಿಡಿದು ಹಿಂದಿನ ಅಂಗಳಕ್ಕೆ ನಡೆದರು.

ಅಡುಗೆಮನೆಯಿಂದ ಅಮ್ಮ ಬಂದಳು. ಸೆರಗಿಗೆ ಕೈ ಒರೆಸಿದಳು, ಮತ್ತೆ ಒರೆಸಿದಳು. ಅಜ್ಜಿ ಅವಳ ಬೆನ್ನಿಗೆ ಕೈ ಹಾಕಿ ಬಾಗಿಲಿನವರೆಗೂ ತಂದು ನಿಲ್ಲಿಸಿ, "ಚಾಚು" ಎಂದಳು. ಅಮ್ಮ ಕೈ ಚಾಚಿದಳು.

ಮೊದಲು ಬಂದವರು ಕುಲಕರ್ಣಿ. ಪ್ಯಾಂಟಿನ ಕಿಸೆಯ ಆಳದಿಂದ ದುಡ್ಡು ತೆಗೆಯಲು ಆ ಎತ್ತರದ ಮನುಷ್ಯ ಸಾಕಷ್ಟು ತಲೆ ಬಗ್ಗಿಸಬೇಕಾಯಿತು. ಅಮ್ಮನ ಅಂಗೈಯಲ್ಲಿ ನೋಟು ಇಟ್ಟರು. ಹೊಸ್ತಿಲು ದಾಟಿದರು. ದಾಟಿದವರು ನಿಂತು, ತಲೆ ಕೆರೆದುಕೊಂಡು ಹಿಂದಿರುಗಿ ನೋಡಿದರು.

"ವೈನಿ, ತಪ್ಪು ತಿಳ್ಕೋಬ್ಯಾಡ್ರಿ. ಸಾರಿಗೆ ಉಪ್ಪು ಯಾವಾಗಲೂ ಚೂರು ಕಡಿಮೀನ ಇರತದ್ರೀ."

ಅಮ್ಮನ ಮುಖ ಹಾಗೆ ಅರಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನೋಟನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಅವಳು ಅಜ್ಜಿಯ ಕಡೆ ತಿರುಗಿದಳು.

"ನೋಡಿದಿರಾ ಅತ್ತೆ? ನನಗೂ ಹಾಗೇ ಅನ್ನಿಸ್ತಿತ್ತು."